ಕೆಮಿಸ್ಟ್ರಿಯಿಂದ ಬಂದ ಇತಿಹಾಸದ ಸರ್

ಅವರ ಎಡಗೈಯ ಕಿರುಬೆರಳಿಗೂ ಉಂಗುರಬೆರಳಿಗೂ ಉಗುರಿರಲಿಲ್ಲ. ಮುಂಗೈಯ ಚರ್ಮ ಮಣಿಕಟ್ಟಿನವರೆಗೂ ಹಾಲಿನ ಕೆನೆಯ ಹಾಗೆ ಮಡಿಕೆ ಮಡಿಕೆಯಾಗಿತ್ತು. ಮೊದಲ ಸಲ ನೋಡಿದವರು ಕಣ್ಣು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಅವರಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ. ಆ ಕೈಯಲ್ಲೇ ಚಹಾದ ಗ್ಲಾಸು ಹಿಡಿದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಅರ್ಧ ಚಹಾ ಹೊಟ್ಟೆಗೆ, ಅರ್ಧ ನೆಲಕ್ಕೆ. ಹಿಂದೆಯೇ ಒರೆಸುವ ಬಟ್ಟೆ ಹಿಡಿದು ನಮ್ಮ ಸಫಾಯಿಯ ಮಾವಶಿ ಗೊಣಗುತ್ತ ಬರುತ್ತಿದ್ದಳು.

ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಪಾಠ ನಿಂತು, ಊಟ ನಿಂತು, ಪ್ರಶ್ನೆಪತ್ರಿಕೆ ಬರೆಯುವುದು ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತು. ಠಾಣೆ ಸ್ಟೇಶನ್ನಿನಿಂದ ಹೊರಡುವ ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ಇರುತ್ತಿದ್ದರು. ಜೊತೆಯಲ್ಲಿ ಪಯಣಿಸುವ ನಮಗೆ ಕೂರಲು ಸಂಕೋಚ, ನಿಲ್ಲಲು ಸುಸ್ತು. "ನೀವು ಕೂಡ್ರಿ, ನನಗ ಕುಂತ್ರ ತಲಿ ಓಡೂದಿಲ್ಲ" ಎನ್ನುವರು. ಅವರ ತಲೆ ಓಡುವುದಕ್ಕಾಗಿ ನಮ್ಮ ಕಾಲು ಸವೆಯಬೇಕಾಗಿತ್ತು.

ನೆರೂಳದ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಅವರು ಮಾನವಿಕ ವಿಭಾಗದ ಮುಖ್ಯಸ್ಥರು, ಇತಿಹಾಸದ ಪ್ರಾಧ್ಯಾಪಕರು. ಸಣ್ಣದು ಎಂದರೆ ನಿಜಕ್ಕೂ ಸಣ್ಣದು. ಇದ್ದದ್ದೇ ಒಂದು ಕಟ್ಟಡ. ಕೆಳಗಿನ ಮಹಡಿಗಳೆಲ್ಲ ಮ್ಯಾನೇಜ್‌ಮೆಂಟಿಗೂ ಕಂಪ್ಯೂಟರಿಗೂ ಹೋಗಿ, ಲಿಫ್ಟು ಕೆಟ್ಟಾಗ ಮಾತ್ರ ಎಲ್ಲರಿಗೂ ನೆನಪಾಗುವ ಐದನೇ ಮಹಡಿ ನಮಗೆ ಸಿಕ್ಕಿತ್ತು. ನಾನು ಅಲ್ಲಿಗೆ ಮೊದಲು ಬಂದದ್ದು ವಿದ್ಯಾರ್ಥಿನಿಯಾಗಿ. ನಮ್ಮದು ಉಡುಪಿ ಕಡೆಯ ಮನೆತನ. ಅಪ್ಪನಿಗೆ ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು. ನಾನು ಬಿ.ಕಾಂ. ಮುಗಿಸಿ, ವಾಶಿಯ ಒಂದು ಆಡಿಟ್ ಆಫೀಸಿನಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡು, ಅದೇ ಹೆಸರು ಕೇಳಿ ಕೇಳಿ ಬೇಸತ್ತಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಅಪ್ಪ ತುಳುವಿನಲ್ಲಿ ಬೈದದ್ದು ಸಾಲದೆ, ಗಿರಾಕಿಗಳಿಗೂ ಅರ್ಥವಾಗಲಿ ಎಂದು ಕನ್ನಡದಲ್ಲೂ ಬೈದರು. "ಇದ್ದ ಕೆಲಸ ಬಿಟ್ಟು ಸತ್ತ ರಾಜರ ಕತೆ ಓದ್ಲಿಕ್ಕೆ ಹೋಗುವುದಾ? ತಲೆ ಸರಿ ಉಂಟಾ ನಿಂಗೆ?"

ಪ್ರವೇಶದ ದಿನ ಸರ್ ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಆದರೆ ನಗುತ್ತ ಕೇಳಿದರು. ನನ್ನ ಹೆಸರು ನೋಡಿ ಇಂಗ್ಲಿಷಿನಿಂದ ಕನ್ನಡಕ್ಕೆ ಜಿಗಿದಿದ್ದರು. ಅವರದು ಬಾಗಲಕೋಟೆ ಕಡೆ.

"ಬಿ.ಕಾಂ. ಓದಿದಾಕಿ, ಕೈಯಾಗ ನೌಕರಿ ಐತಿ. ಇಲ್ಲೇನ್ ಕಳಕೊಂಡೀಯವಾ ತಂಗಿ, ಹುಡುಕ್ಕೋತ ಬಂದೀ?"

"ಎಂತ ಕಳಕೊಂಡದ್ದು ಅಂತ ಗೊತ್ತಿದ್ರೆ ನಾನು ಬರ್ತಾನೇ ಇರ್ಲಿಲ್ಲ ಸರ್."

"ಹಂಗಾರ ನಿನ್ನ ಅಡ್ಮಿಶನ್ ಆತು, ಹೋಗು" ಎಂದರು. ಬೇರೆ ಏನನ್ನೂ ಕೇಳಲಿಲ್ಲ.

ಆಮೇಲೆ ತಿಳಿಯಿತು, ಆ ವಿಭಾಗದಲ್ಲಿ ನೇರ ದಾರಿಯಿಂದ ಬಂದವರು ಒಬ್ಬರೂ ಇರಲಿಲ್ಲ. ತತ್ತ್ವಶಾಸ್ತ್ರದವರು ಇಂಜಿನಿಯರಿಂಗ್ ಓದಿ, ಕಳವಾ ಊರಿನ ರೈಲ್ವೆ ಕಾರ್‌ಶೆಡ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದವರು. ಸಮಾಜಶಾಸ್ತ್ರದ ಮೇಡಂ ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಇಂಗ್ಲಿಷಿನವರು ವಕೀಲರು, ಉಲ್ಹಾಸನಗರದ ಅಂಗಡಿಕಾರರ ಬಾಡಿಗೆ ಜಗಳಗಳಲ್ಲಿ ವಾದಿಸಿ ವಾದಿಸಿ ಗಂಟಲು ಕೆಡಿಸಿಕೊಂಡವರು. ಎಲ್ಲರೂ ತಡವಾಗಿ, ಬೇರೆ ಏನನ್ನೋ ಅರ್ಧಕ್ಕೆ ಬಿಟ್ಟು, ಮತ್ತೆ ಮೊದಲಿನಿಂದ ಓದಿ ಬಂದವರು. ಸರ್ ಹುಡುಕಿ ಹುಡುಕಿ ಅಂಥವರನ್ನೇ ಸೇರಿಸಿಕೊಂಡಿದ್ದರು.

ಇದನ್ನು ಮುಚ್ಚಿಡುವುದು ಹಾಗಿರಲಿ, ಅವರು ಅದಕ್ಕೊಂದು ದಿನವನ್ನೇ ಇಟ್ಟಿದ್ದರು. ಹೊಸ ವಿದ್ಯಾರ್ಥಿಗಳು ಬಂದ ಮೊದಲ ದಿನ ಪಾಠವಿಲ್ಲ. ಅಧ್ಯಾಪಕರು ಒಬ್ಬೊಬ್ಬರಾಗಿ ಎದ್ದು ತಾವು ಮೊದಲು ಏನು ಓದಿದ್ದು, ಎಲ್ಲಿ ಫೇಲಾದದ್ದು, ಯಾಕೆ ಬಿಟ್ಟದ್ದು, ಇಲ್ಲಿಗೆ ಹೇಗೆ ಬಂದದ್ದು ಎಂದು ಹೇಳಬೇಕು. ಡಿಗ್ರಿಗಳ ಹೆಸರು ಹೇಳಿ ಕೂರುವ ಹಾಗಿಲ್ಲ. ಕನ್ನಡದಲ್ಲಿ ಅವರು ಇದನ್ನು 'ಹಾದಿ ಹೇಳೂದು' ಎನ್ನುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ, "ಯಹಾಂ ಸಬ್ ಭಾಗ್ ಕೇ ಆಯೇ ಹೈ ಕ್ಯಾ?" ಎಂದಳು. ಇಲ್ಲಿ ಎಲ್ಲರೂ ಓಡಿಬಂದವರೇನಾ ಎಂದು. ಸರ್ ಅವರ ಕಿವಿ ಬಲು ಚುರುಕು. "ಓಡಿ ಬಂದವರಲ್ಲ, ನಡೆದು ಬಂದವರು. ಅದಕ್ಕೇ ತಡವಾಯಿತು" ಎಂದು ಹಿಂದಿಯಲ್ಲೇ ಹೇಳಿ ಅವಳನ್ನೂ ನಗಿಸಿದರು.

ಕೊನೆಯ ಸರದಿ ಅವರದೇ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಡೊಂಬಿವಲಿಯ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಮಿಸ್ಟ್ ಆಗಿದ್ದರು. ಒಂದು ದಿನ ಹಳೆಯ ಪೈಪು ಬಾಯ್ಬಿಟ್ಟು ಆಸಿಡ್ಡು ಕೈಮೇಲೆ ಬಿತ್ತು. ತಿಂಗಳುಗಟ್ಟಲೆ ರಜೆ. ಕೈಗೆ ಪಟ್ಟಿ ಸುತ್ತಿಕೊಂಡು ಊರಿನ ವಾಚನಾಲಯಕ್ಕೆ ಹೋಗಿ ಕೂತರು. ಕೈಗೆ ಸಿಕ್ಕ ಪುಸ್ತಕಗಳು ಇತಿಹಾಸದವು. ಗಾಯ ಮಾಯುವಷ್ಟರಲ್ಲಿ ಫ್ಯಾಕ್ಟರಿ ಮನಸ್ಸಿನಿಂದ ಹೋಗಿತ್ತು. ಇಷ್ಟು ಹೇಳಿ ಆ ಕೈಯನ್ನು ಎತ್ತಿ ತೋರಿಸುತ್ತಿದ್ದರು. ನನಗೆ ಕನ್ನಡದಲ್ಲಿ ಹೇಳಿದ ಮಾತು ಇದು: "ಕೈ ಸುಟ್ಟಿತಂತ ಬರಲಿಲ್ಲ ನಾ. ಓದು ಹತ್ತಿತ್ತು, ಅದಕ್ಕ ಬಂದೆ. ಇವೆರಡು ಬ್ಯಾರೆ ಬ್ಯಾರೆ ಅವ." ಹೇಳುವಾಗ ಅವರ ಮುಖದಲ್ಲಿ ಒಂದು ಠೀವಿ ಇರುತ್ತಿತ್ತು. ಅದನ್ನು ನೋಡಲೆಂದೇ ನಾನು ಅಲ್ಲಿ ನನಗೆ ಕೆಲಸವಿಲ್ಲದ ವರ್ಷಗಳಲ್ಲೂ ಆ ದಿನಕ್ಕೆ ಹೋಗುತ್ತಿದ್ದೆ.

ಎಂ.ಎ. ಆಗಿ ಅವರ ಕೈಕೆಳಗೇ ಪಿಎಚ್.ಡಿ.ಗೆ ಸೇರಿದೆ. ನಾನು ಬಿ.ಕಾಂ. ಎನ್ನುವುದನ್ನು ಮರೆಸಲು ನೋಡುತ್ತಿದ್ದೆ, ಅವರು ಬಿಡುತ್ತಿರಲಿಲ್ಲ. ದೇವಸ್ಥಾನಗಳ ದಾನಶಾಸನಗಳನ್ನು ಓದಲು ಕೊಟ್ಟು, "ಇದರಾಗ ನನಗ ಬರೇ ರಾಜನ ಹೆಸರು ಕಾಣ್ತದ. ನೀ ಆಡಿಟ್ ಮಾಡಿದಾಕಿ, ಯಾರ ಭೂಮಿ ಯಾರ ಕಡೆ ಹೋತು ನೋಡಿ ಹೇಳು" ಎನ್ನುವರು. ಇನ್ನೊಮ್ಮೆ ನಾನು ಯಾವುದೋ ಸೆಮಿನಾರಿನಲ್ಲಿ ನನ್ನ ಪರಿಚಯದಿಂದ ಬಿ.ಕಾಂ. ಕೈಬಿಟ್ಟಾಗ ಸಿಟ್ಟೇ ಮಾಡಿದರು. "ಹಳೇ ವಿಷಯಾನ ಚಪ್ಪಲಿ ಬಿಟ್ಟಂಗ ಬಾಗಲದಾಗ ಬಿಟ್ಟು ಬರಬ್ಯಾಡ. ಮೆಟ್ಟಿಕೊಂಡ ಒಳಗ ಬಾ." ನಾನೂ ಸಿಟ್ಟಿನವಳೇ. ನಾವು ಜಗಳವಾಡದ ವಾರವಿರಲಿಲ್ಲ. ಪಿಎಚ್.ಡಿ. ಆಗಿ, ಅದೇ ವಿಭಾಗದಲ್ಲಿ ವರ್ಷವರ್ಷಕ್ಕೆ ಮುಂದುವರಿಯುವ ಕಾಂಟ್ರ್ಯಾಕ್ಟಿನ ಮೇಲೆ ನಾನು ಪಾಠಕ್ಕೆ ನಿಂತ ಮೇಲೆ 'ತಂಗಿ' ಹೋಗಿ 'ಮೇಡಂನವರ' ಬಂತು. ಅದೊಂದು ಕೀಟಲೆ. ಮಾವಶಿಯ ಎದುರಿಗೂ ಹಾಗೇ ಕರೆದು ನನ್ನ ಮುಖ ಕೆಂಪಾಗುವುದನ್ನು ನೋಡುತ್ತಿದ್ದರು.

ಹೊಸ ಕುಲಪತಿಗಳು ಬಂದದ್ದು ಆಗಲೇ. ಕೆಟ್ಟವರಲ್ಲ, ಅಚ್ಚುಕಟ್ಟಿನವರು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಅಧ್ಯಾಪಕರ ಶೈಕ್ಷಣಿಕ ಹಿನ್ನೆಲೆ ಓದಿದ ಪೋಷಕರು, ಇತಿಹಾಸ ಹೇಳಿಕೊಡುವವರು ಕೆಮಿಸ್ಟ್ರಿಯವರೇ, ಸಮಾಜಶಾಸ್ತ್ರಕ್ಕೆ ನರ್ಸೇ ಎಂದು ಕೇಳುತ್ತಿದ್ದಾರೆ ಎಂದರು. ಆಡಳಿತ ಮಂಡಳಿಯವರು ಹೊರಗಿನ ಮೂವರು ಹಿರಿಯರ ಸಮಿತಿ ಮಾಡಿದರು. ಜೊತೆಗೆ ಒಂದು ನಿಯಮ. ಮೊದಲ ಡಿಗ್ರಿಯಿಂದಲೂ ಅದೇ ವಿಷಯ ಓದಿರದವರು ಇನ್ನು ಮುಂದೆ ಒಂದೊಂದು ವಿಷಯಕ್ಕೆ ಒಬ್ಬರೇ ಇರಬಹುದು, ಅದೂ ಸಮಿತಿ ಒಪ್ಪಿದರೆ. ತತ್ತ್ವಶಾಸ್ತ್ರಕ್ಕೆ ಇಂಜಿನಿಯರು ಒಬ್ಬರೇ, ಸಮಾಜಶಾಸ್ತ್ರಕ್ಕೆ ನರ್ಸ್ ಒಬ್ಬರೇ, ಇಂಗ್ಲಿಷಿಗೆ ವಕೀಲರೊಬ್ಬರೇ. ಅವರೆಲ್ಲ ಬಚಾವು. ಇತಿಹಾಸಕ್ಕೆ ಮಾತ್ರ ಇಬ್ಬರು, ಸರ್ ಮತ್ತು ನಾನು.

ಇದರಲ್ಲಿ ಯೋಚಿಸುವುದಕ್ಕೆ ಏನಿತ್ತು? ಅವರು ಮುಖ್ಯಸ್ಥರು, ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ನಾನು ಕಾಂಟ್ರ್ಯಾಕ್ಟಿನವಳು. ಹೋಗಬೇಕಾದವಳು ನಾನೇ ಎಂದು ಇಡೀ ಮಹಡಿಗೆ ಗೊತ್ತಿತ್ತು. ಎಲ್ಲರೂ ನನ್ನೊಡನೆ ಇದ್ದಕ್ಕಿದ್ದಂತೆ ಮೆತ್ತಗೆ ಮಾತಾಡತೊಡಗಿದರು, ಅದು ನನಗೆ ಮೈ ಉರಿಸುತ್ತಿತ್ತು. ವಾಶಿಯ ಆಡಿಟ್ ಆಫೀಸಿಗೆ ಫೋನು ಮಾಡಿದೆ. ಬರುವುದಾದರೆ ಬಾ ಎಂದರು. ಮನೆಯಲ್ಲಿ ಕೂತಲ್ಲಿ ಕೂರಲಾರೆ, ತರಗತಿಯಲ್ಲಿ ನಿಂತಲ್ಲಿ ನಿಲ್ಲಲಾರೆ. ಇತಿಹಾಸ ಬಿಟ್ಟರೆ ನನಗೆ ಬದುಕಿಲ್ಲ ಎಂದು ಆಗ ಖಚಿತವಾಗಿ ಗೊತ್ತಾಯಿತು, ಕಳೆದುಕೊಳ್ಳುವ ಹೊತ್ತಿಗೆ.

ಸರ್ ಇನ್ನೂ ಜೋರಾಗಿ ಓಡಾಡಿದರು, ಅಷ್ಟೆ. ಮಾವಶಿ ಅವರಿಗೆ ಚಹಾ ಕೊಡುವುದನ್ನೇ ನಿಲ್ಲಿಸುತ್ತೇನೆಂದು ಹೆದರಿಸಿದಳು.

ಸಮಿತಿಯ ದಿನ ನಮ್ಮಿಬ್ಬರನ್ನು ಒಟ್ಟಿಗೆ ಒಳಗೆ ಕರೆದರು. ಉದ್ದನೆಯ ಮೇಜು, ಮೂವರು ಹಿರಿಯರು, ಪಕ್ಕದಲ್ಲಿ ಕುಲಪತಿಗಳು. ಮೊದಲು ನನ್ನನ್ನು ಕೇಳಿದರು. ಹೋಟೆಲು, ಬಿ.ಕಾಂ., ಆಡಿಟ್, ಶಾಸನ ಎಲ್ಲವನ್ನೂ ಹೇಳಿದೆ, ಒಂದನ್ನೂ ಬಾಗಿಲಲ್ಲಿ ಬಿಡಲಿಲ್ಲ. ಅಧ್ಯಕ್ಷರು, "ಲೆಕ್ಕಪತ್ರದಿಂದ ಇತಿಹಾಸಕ್ಕೆ?" ಎಂದು ಕನ್ನಡಕದ ಮೇಲಿಂದ ನೋಡಿದರು. ನನಗೆ ಅಲ್ಲೇ ಎದ್ದು ಹೋಗಬೇಕೆನಿಸಿತು.

ಆಮೇಲೆ ಸರ್ ಎದ್ದರು. ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆ ಠೀವಿಯ ಮಾತಿಗೆ ನಾನು ಕಾಯುತ್ತಿದ್ದೆ. ಅವರು ಇಂಗ್ಲಿಷಿನಲ್ಲಿ, ಒಣಒಣವಾಗಿ ಹೀಗೆ ಹೇಳಿದರು: "ನಾನು ಕೆಮಿಸ್ಟ್ರಿಯಲ್ಲಿ ಕೆಲಸಕ್ಕೆ ಬಾರದವನಾಗಿದ್ದೆ. ಫ್ಯಾಕ್ಟರಿಯಲ್ಲಿ ನನ್ನದೇ ಅಜಾಗರೂಕತೆಯಿಂದ ಆಸಿಡ್ ಚೆಲ್ಲಿತು. ಕೆಲಸದಿಂದ ತೆಗೆದರು. ಬೇರೆಲ್ಲೂ ತೆಗೆದುಕೊಳ್ಳಲಿಲ್ಲ. ಇತಿಹಾಸದಲ್ಲಿ ಸೀಟು ಸುಲಭವಾಗಿ ಸಿಗುತ್ತಿತ್ತು, ಸೇರಿಕೊಂಡೆ. ಇವರು ಹಾಗಲ್ಲ. ಇವರ ಕೈಯಲ್ಲಿ ಒಳ್ಳೆಯ ಕೆಲಸವಿತ್ತು, ಅದನ್ನು ಬಿಟ್ಟು ಬಂದರು. ನಿಯಮ ಒಬ್ಬರಿಗೆ ಮಾತ್ರ ಜಾಗ ಕೊಡುವುದಾದರೆ, ಆರಿಸಿಕೊಂಡು ಬಂದವರನ್ನು ಇಟ್ಟುಕೊಳ್ಳಿ. ಗತಿಯಿಲ್ಲದೆ ಬಂದವನನ್ನು ಕಳಿಸಿ."

"ಸರ್, ಇದು..." ಎಂದು ಎದ್ದೆ. ಅವರು ತಿರುಗಿಯೂ ನೋಡದೆ, "ಕೂಡ್ರಿ ಮೇಡಂನವರ" ಎಂದರು. ಕೀಟಲೆಯಿರಲಿಲ್ಲ ಆ ಧ್ವನಿಯಲ್ಲಿ. ನಾನು ಮಾತು ಮುಂದುವರಿಸುವ ಮೊದಲೇ ಅಧ್ಯಕ್ಷರು ಥ್ಯಾಂಕ್ಯೂ ಎಂದು ನಮ್ಮನ್ನು ಕಳಿಸಿಬಿಟ್ಟರು. ಆ ಪ್ರಾಮಾಣಿಕತೆಯನ್ನು ಸಮಿತಿ ಮೆಚ್ಚಿಕೊಂಡಿತಂತೆ. ಅವರ ಮಾತಿನಂತೆಯೇ ಮಾಡಿತು.

ಆ ಸಂಜೆ ಠಾಣೆಯ ಲೋಕಲ್ಲಿನಲ್ಲಿ ಜುಯಿನಗರ ದಾಟಿದ್ದೇ ತಡ, ಕೇಳಿಯೇಬಿಟ್ಟೆ.

"ನಾನು ಕೇಳಿದ್ದೆನಾ ಸರ್? ನಿಮ್ಮ ಜಾಗ ನನಗೆ ಬಿಡಿ ಅಂತ ನಿಮ್ಮ ಹತ್ರ ಬಂದು ಕೇಳಿದ್ದೆನಾ?"

"ನೀ ಕೇಳಿದ್ರ ಕೊಡ್ತಿದ್ದಿಲ್ಲ" ಎಂದರು. ಬಹಳ ದಿನಗಳ ಮೇಲೆ ಮತ್ತೆ ನೀನು ಎಂದದ್ದು.

"ಅಷ್ಟೆಲ್ಲ ಕೆಟ್ಟದಾಗಿ ನಿಮ್ಮ ಬಗ್ಗೆ ನೀವೇ ಹೇಳ್ಬೇಕಿತ್ತಾ? ಮಕ್ಕಳಿಗೆ ಒಂದು ಕತೆ, ಅವರಿಗೆ ಒಂದು ಕತೆ. ಯಾವುದು ನಿಜ?"

"ಎರಡರಾಗೂ ಕೈ ಸುಟ್ಟದ್ದು ನಿಜ ಐತಿ."

"ಹಾರಿಕೆಯ ಉತ್ತರ ಬೇಡ ಸರ್."

"ನೋಡು ತಂಗಿ, ನನಗ ಭಾಳ ದಿನದಿಂದ ಇನ್ನೊಂದ್ ಹೊಸಾದು ಕಲೀಬೇಕಂತ ಮನಸೈತಿ. ಇಲ್ಲಿದ್ರ ಆಗೂದಿಲ್ಲ. ನೀ ಸುಮ್ನ ಪಾಠಾ ಮಾಡು." ಇಷ್ಟು ಹೇಳಿ ಬಾಗಿಲ ಕಂಬಿ ಹಿಡಿದು ಹೊರಗೆ ನೋಡತೊಡಗಿದರು. ಠಾಣೆಯಲ್ಲಿ ಇಳಿದು, ಡೊಂಬಿವಲಿಯ ಗಾಡಿಗೆ ನಾನು ಬೇಕೆಂದೇ ಹೆಂಗಸರ ಡಬ್ಬಿ ಹತ್ತಿದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಇಷ್ಟು ದೊಡ್ಡದನ್ನು ಒಬ್ಬರ ಮೇಲೆ ಹೇರಿ, ಬೇಡ ಎನ್ನುವುದಕ್ಕೂ ಜಾಗ ಕೊಡದೆ ಹೋಗುವುದು ಯಾವ ನ್ಯಾಯ?

ನಾನು ಉಳಿದೆ. ಹಾದಿ ಹೇಳುವ ದಿನವನ್ನು ಕುಲಪತಿಗಳು ರದ್ದು ಮಾಡಿದರು. ಹೊಸದು ಕಲಿಯುತ್ತೇನೆಂದು ಸರ್ ಹೇಳಿದ್ದು ಸುಳ್ಳಾಗಲಿಲ್ಲ. ಕಲ್ಯಾಣದಲ್ಲಿ ವಯಸ್ಸಾದ ಗುರುಗಳೊಬ್ಬರನ್ನು ಹಿಡಿದು, ಹಳೆಯ ಮರಾಠಿ ಕಾಗದಪತ್ರಗಳ ಮೋಡಿ ಲಿಪಿ ಕಲಿಯಲು ಹೊರಟರು. ನನ್ನ ಸಿಟ್ಟು ಇಳಿಯುವವರೆಗೂ ಕಾಯದೆ ಫೋನು ಮಾಡಿದರು. "ಮೇಡಂನವರ, ಈ ಅಕ್ಷರಾ ಒಂದಕ್ಕೊಂದು ಕೈ ಹಿಡಕೊಂಡು ಓಡ್ತಾವ್ರಿ, ನಿಂತು ಉಸಿರು ತಗೊಳ್ಳೂದಿಲ್ಲ. ನನಗ ಹೇಳಿ ಮಾಡಿಸಿದಂಗ ಐತಿ." ನಾನು ನಕ್ಕೆ. ನಕ್ಕ ಮೇಲೆ ಜಗಳ ಮುಂದುವರಿಸುವುದು ಕಷ್ಟ. ಆ ಪ್ರಶ್ನೆಯನ್ನು ಮಾತ್ರ ಸಿಕ್ಕಾಗಲೆಲ್ಲ ಕೇಳಿದೆ, ಸಿಕ್ಕಾಗಲೆಲ್ಲ ಅವರು ಮಾತು ತಪ್ಪಿಸಿದರು.

ಕಳೆದ ಮಳೆಗಾಲದಲ್ಲಿ ಅವರು ಹೋಗಿಬಿಟ್ಟರು. ಹೃದಯಾಘಾತ. ಬೆಳಿಗ್ಗೆ ಹಲ್ಲುಜ್ಜುತ್ತ ಮನೆಯೊಳಗೇ ಓಡಾಡುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರ ಹೆಂಡತಿಯನ್ನು ನೋಡಲು ಹೋದೆ. ನಾವೆಲ್ಲ ವೈನಿ ಎಂದೇ ಕರೆಯುತ್ತಿದ್ದೆವು. ವೈನಿ ಹೇಳಿದರು: "ನೌಕರಿ ಬಿಟ್ಟ ಹೊಸದಾಗ ದಿನಾ ಮುಂಜಾನೆ ಇಸ್ತ್ರಿ ಅಂಗಿ ಹಾಕ್ಕೊಂಡು ಸ್ಟೇಶನ್‌ಗೆ ಹೋಗಾವ್ರು. ಬ್ರಿಜ್ ಮ್ಯಾಲೆ ನಿಂತು ಗಾಡಿ ನೋಡಿ, ಕಾಯಿಪಲ್ಯಾ ತಗೊಂಡು ವಾಪಸ್ ಬರಾವ್ರು. ಕೇಳಿದ್ರ, ಕಾಲಿಗೆ ಇನ್ನೂ ರೂಢಿ ತಪ್ಪಿಲ್ಲ ಅನ್ನಾವ್ರು."

ನನಗೆ ತಡೆಯಲಾಗಲಿಲ್ಲ. "ವೈನಿ, ಫ್ಯಾಕ್ಟರಿಯವರು ಸರ್‌ನ ಕೆಲಸದಿಂದ ತೆಗೆದದ್ದಾ?" ಎಂದು ಕೇಳಿದೆ.

"ತಗದ್ರ? ಯಾರಂದ್ರು? ಕೈ ಮಾಗಿದ ಮ್ಯಾಲೆ ಅಲ್ಲಿ ಸಾಹೇಬ್ರು ನಮ್ಮ ಮನೀತನಕ ಬಂದಿದ್ರು ತಂಗಿ. ನಿನ್ನ ತಪ್ಪಿಲ್ಲ, ಪೈಪ್ ಹಳೇದಿತ್ತು, ಬಾ, ಒಳಗಿನ ಲ್ಯಾಬ್‌ನ್ಯಾಗ ಕೆಲಸಾ ಕೊಡ್ತೀವಿ ಅಂದ್ರು. ಹೋಗ್ರಿ ಅಂತ ನಾನೂ ಬಡಕೊಂಡೆ. ಇವ್ರೇ ಒಲ್ಲೆ ಅಂದ್ರು. ಓದತೀನಿ ಅಂದ್ರು." ವೈನಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಕೆಲಸಾ ಹೋಗಿದ್ದಕ್ಕ ಇತಿಹಾಸ ಹಿಡದ ಅಂತ ಯಾರರ ಅಂದ್ರ ಜಗಳಾ ತಗೀತಿದ್ರು. ಬೀಗರ ಜೋಡಿ ಸೈತ ಜಗಳಾಡ್ಯಾರ. ನಿನಗ್ಯಾರು ಹೇಳಿದ್ರು ಇದನ್ನ?"

ಯಾರೋ ಹೇಳಿದರು ಎಂದೆ. ಅವರೇ ಹೇಳಿದರು ಎಂದು ಹೇಳುವುದಕ್ಕೆ ಆ ಮನೆಯಲ್ಲಿ ನನಗೆ ನಾಲಗೆ ಏಳಲಿಲ್ಲ.

ಅದಾದ ವಾರದಲ್ಲೇ ವಿಶ್ವವಿದ್ಯಾಲಯದಲ್ಲಿ ಸಂತಾಪಸಭೆ. ಕೆಳಮಹಡಿಯ ಸಭಾಂಗಣ ತುಂಬಿತ್ತು. ಅವರ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದಿದ್ದರು. ವೈನಿ ಮುಂದಿನ ಸಾಲಿನಲ್ಲಿದ್ದರು. ಕುಲಪತಿಗಳು ಹಿಂದಿಯಲ್ಲಿ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು. ಸ್ವಂತ ತಪ್ಪಿನಿಂದ ಕೆಲಸ ಕಳೆದುಕೊಂಡು, ಬೇರೆ ಗತಿಯಿಲ್ಲದೆ ಇತಿಹಾಸಕ್ಕೆ ಬಂದ ಮನುಷ್ಯ, ಆದರೂ ಎಷ್ಟು ಮೇಲೆ ಬಂದರು, ಅದನ್ನು ಸಮಿತಿಯ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಅವರ ದೊಡ್ಡತನವನ್ನು ನಾನೇ ಕಂಡಿದ್ದೇನೆ ಎಂದರು. ವೈನಿ ತಲೆ ಎತ್ತಿ ಅವರನ್ನು ನೋಡಿದರು. ಆಮೇಲೆ ಹೊರಳಿ, ಸಾಲು ಸಾಲಾಗಿ ಹುಡುಕಿ, ನನ್ನನ್ನು ನೋಡಿದರು.

ನಾನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ. ಮೈಕಿನವರೆಗೂ ಹೋಗುವ ತಾಳ್ಮೆ ಇರಲಿಲ್ಲ, ನಿಂತಲ್ಲಿಂದಲೇ ಹೇಳಿದೆ. ಪೈಪು ಹಳೆಯದಿತ್ತು. ತಪ್ಪು ಅವರದಲ್ಲ. ಫ್ಯಾಕ್ಟರಿಯವರು ಮನೆಗೇ ಬಂದು ಕರೆದಿದ್ದರು, ಅವರೇ ಹೋಗಲಿಲ್ಲ. ಇತಿಹಾಸವನ್ನು ಅವರು ಆರಿಸಿಕೊಂಡದ್ದು. ಸಮಿತಿಯ ಮುಂದೆ ಅವರು ಹೇಳಿದ್ದು ಸುಳ್ಳು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ತಮ್ಮ ಮೇಲೆಯೇ, ನನಗಾಗಿ.

ಹಿಂದೆ ಎಲ್ಲೋ ಒಬ್ಬರು ಅಳುತ್ತಿದ್ದರು. ಸಭೆ ಬೇಗನೆ ಮುಗಿಯಿತು. ಹೊರಗೆ ಮೆಟ್ಟಿಲ ಬಳಿ ಕುಲಪತಿಗಳು ನನ್ನನ್ನು ನಿಲ್ಲಿಸಿದರು. ಸಿಟ್ಟಿರಲಿಲ್ಲ. ನನ್ನ ಬಗ್ಗೆ ಕಳವಳವೇ ಇತ್ತು.

"ಮೇಡಂ, ನೀವು ಎಲ್ಲರ ಮುಂದೆ ಹೇಳಿದ್ದರ ಅರ್ಥ ಗೊತ್ತೇ ನಿಮಗೆ? ಅದು ನಿಜವಾದರೆ, ಅಂದು ಇಲ್ಲಿ ಉಳಿಯಬೇಕಾಗಿದ್ದವರು ನೀವಲ್ಲ, ಅವರು."

"ಹೌದು ಸರ್" ಎಂದೆ. "ನಾನು ಹೇಳಿದ್ದು ಅದನ್ನೇ."